ಮಿಥ್ಯಾಯಂತ್ರ ನಿಂತುದೇಕೆ?

ಸಮತಲ ದರ್ಪಣದಲ್ಲಿ ಕಾಣುವ ಪ್ರತಿಬಿಂಬವನ್ನು ಭೌತಶಾಸ್ತ್ರದಲ್ಲಿ ಮಿಥ್ಯಾಬಿಂಬವೆಂದು ಕರೆಯುತ್ತೇವೆ. ಅದು ಕಣ್ಣಿಗೆ ಕಾಣುವುದು ನಿಜ. ಆದರೆ ದರ್ಪಣದ ಹಿಂದೆ ಹುಡುಕಿದರೆ ಅಲ್ಲಿ ಏನೂ ಇರುವುದಿಲ್ಲ. ಗಣಕಯಂತ್ರದಲ್ಲಿಯೂ ಇಂಥದೊಂದು ಉಂಟು. ಒಂದು ಗಣಕದೊಳಗೆ ತಂತ್ರಾಂಶದ ಬಲದಿಂದಲೇ ಇನ್ನೊಂದು ಗಣಕವನ್ನು ನಿರ್ಮಿಸಬಹುದು. ಇದಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ನಾವು ಇದನ್ನು ಮಿಥ್ಯಾಯಂತ್ರವೆನ್ನೋಣ. ಹೊರಗಿನ ನಿಜವಾದ ಗಣಕವು ಆತಿಥೇಯ, ಒಳಗಿನದು ಅತಿಥಿ.

ಒಂದು ಕಾಲೇಜಿನ ಪ್ರಯೋಗಶಾಲೆಯನ್ನು ಊಹಿಸಿಕೊಳ್ಳೋಣ. ಅಲ್ಲಿಯ ರೋಹಿತಮಾಪಕದ ಅಳತೆಗಳನ್ನು ಬರೆದುಕೊಳ್ಳತಕ್ಕ ತಂತ್ರಾಂಶವು ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ, ಗಣಕದಲ್ಲಿರುವುದಾದರೋ ಲಿನಕ್ಸ್. ಆದುದರಿಂದ ವಿಂಡೋಸನ್ನು ಮಿಥ್ಯಾಯಂತ್ರವೊಂದರಲ್ಲಿ ನೆಲೆಗೊಳಿಸಿದ್ದಾರೆ. ವಿದ್ಯಾರ್ಥಿಯೊಬ್ಬನ ಮೂರು ತಿಂಗಳ ಅಳತೆಗಳೆಲ್ಲ ಅದರಲ್ಲಿವೆ. ಒಂದು ಸಂಜೆ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸುತ್ತಾರೆ. ಮರುದಿನ ಅತಿಥಿ ಏಳುವುದೇ ಇಲ್ಲ. ಪ್ರಬಂಧ ಒಪ್ಪಿಸಲು ಒಂದೇ ವಾರ ಉಳಿದಿದೆ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಸ್ಥಾಪಿಸಿಬಿಡೋಣವೆಂದು ವಿದ್ಯಾರ್ಥಿ ಯೋಚಿಸುತ್ತಾನೆ. ಅಪಾಯವಿರುವುದು ಈ ಯೋಚನೆಯಲ್ಲಿಯೇ. ಕೆಟ್ಟಿರುವುದು ಯಾವುದೆಂಬುದನ್ನು ಮೊದಲು ತಿಳಿಯಬೇಕು.

ಲಿನಸ್ ಟೋರ್ವಾಲ್ಡ್ಸರು ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ೧೯೯೧ರಲ್ಲಿ, ಪ್ರಕಟಿಸಿದ್ದು ಲಿನಕ್ಸಿನ ಕರ್ನಲನ್ನು. ಕರ್ನಲ್ ಎಂದರೆ ತಿರುಳು. ಸಂಸ್ಕಾರಕ, ಸ್ಮೃತಿ ಮೊದಲಾದುವುಗಳನ್ನು ಹಂಚಿಕೊಡುವ ಅಧಿಕಾರ ಇದರದು. ಮಿಥ್ಯಾಯಂತ್ರಗಳನ್ನು ಶೀಘ್ರವಾಗಿ ನಡೆಸಲು ಇಂಟೆಲ್ ಸಂಸ್ಥೆಯು ೨೦೦೫ರಿಂದಲೂ ಎಎಂಡಿ ಸಂಸ್ಥೆಯು ೨೦೦೬ರಿಂದಲೂ ಸಂಸ್ಕಾರಕಗಳಲ್ಲಿಯೇ ವಿಶೇಷ ಸೌಕರ್ಯವನ್ನು ಒದಗಿಸಿವೆ. ಆದರೆ ಅದನ್ನು ತಿರುಳಿನ ಅಧಿಕಾರವಿಲ್ಲದೆ ಬಳಸಲಾಗದು. ಆದಕಾರಣ ವರ್ಚುವಲ್‌ಬಾಕ್ಸಿನಂಥ ತಂತ್ರಾಂಶಗಳು ತಮ್ಮದೊಂದು ಸಣ್ಣ ಭಾಗವನ್ನು ತಿರುಳಿನೊಳಗೆ ಸೇರಿಸುತ್ತವೆ. ಇದೇ ಮಾಡ್ಯೂಲು, ಅತಿಥಿಗೂ ತಿರುಳಿಗೂ ನಡುವಣ ಸೇತುವೆ.

ಬೀಗಕ್ಕೆ ತಕ್ಕ ಕೀಲಿಯಂತೆ ಈ ಮಾಡ್ಯೂಲನ್ನು ಆಯಾ ತಿರುಳಿಗೆ ಹೊಂದುವಂತೆ ಸಿದ್ಧಪಡಿಸಬೇಕು. ಸಾಮಾನ್ಯ ತಂತ್ರಾಂಶಗಳ ನಡೆಗೆ ಭಂಗ ತರಬಾರದೆಂಬುದು ಲಿನಕ್ಸಿನ ನಿಯಮ. ಆದರೆ ತಿರುಳಿನ ಒಳರಚನೆಗೆ ಈ ನಿಯಮವಿಲ್ಲ. ದೋಷಗಳನ್ನು ತಿದ್ದಲು ಸ್ವಾತಂತ್ರ್ಯ ಬೇಕೆಂದು ಅದರ ರಚನಕಾರರು ಬೇಕೆಂದೇ ಹೀಗೆ ಮಾಡಿದ್ದಾರೆ. ತಿರುಳು ಬದಲಾದಾಗ ಮಾಡ್ಯೂಲನ್ನು ತಾನಾಗಿಯೇ ಪುನಃ ಕಟ್ಟುವ ಡಿಕೆಎಂಎಸ್ ಎಂಬ ಸಾಧನವಿದೆ. ಹೊಸ ತಿರುಳಿನ ಹೆಡರ್ ಕಡತಗಳಿಲ್ಲದಿದ್ದರೆ, ಅಥವಾ ತಂತ್ರಾಂಶವು ಹಳೆಯದಾಗಿದ್ದು ಹೊಸ ರಚನೆಯನ್ನು ಅರಿಯದಿದ್ದರೆ, ಆ ಸಾಧನವೂ ಸೋಲುತ್ತದೆ. ಸೆಕ್ಯೂರ್ ಬೂಟ್ ಎಂಬ ಕಾವಲು ಜಾರಿಯಲ್ಲಿದ್ದರೆ, ಅಂಗೀಕೃತ ಸಹಿಯಿಲ್ಲದ ಮಾಡ್ಯೂಲನ್ನು ತಿರುಳು ಒಳಗೆ ಬಿಡುವುದಿಲ್ಲ.

ಸೇತುವೆ ಸರಿಯಾಗಿದ್ದೂ ಅತಿಥಿ ಏಳದಿರುವ ಸಂದರ್ಭವುಂಟು. ಲಿನಕ್ಸಿಗೆ ೨೦೦೭ರಿಂದ ಕೆವಿಎಂ ಎಂಬ ತನ್ನದೇ ಆದ ಮಿಥ್ಯಾಯಂತ್ರ ವ್ಯವಸ್ಥೆ ಇದೆ. ಮೊದಲು ಅದು ತನ್ನ ಅತಿಥಿಯೊಂದು ಎದ್ದಾಗ ಮಾತ್ರ ಸಂಸ್ಕಾರಕದ ವಿಶೇಷ ಸೌಕರ್ಯವನ್ನು ವಶಪಡಿಸಿಕೊಳ್ಳುತ್ತಿತ್ತು. ೨೦೨೪ರ ನವೆಂಬರಿನಲ್ಲಿ ಹೊರಬಂದ ೬.೧೨ನೆಯ ತಿರುಳಿನಲ್ಲಿ, ಕೆವಿಎಂ ಒಳಸೇರಿದೊಡನೆಯೇ ಹಾಗೆ ಮಾಡುವಂತೆ ಏರ್ಪಾಟಾಯಿತು. ಪರಿಣಾಮವೇನು? ಆ ತಿರುಳಿಗೆ ಏರಿದ ಅನೇಕರ ವರ್ಚುವಲ್‌ಬಾಕ್ಸು, ಸೌಕರ್ಯವು ಆಗಲೇ ಅನ್ಯರ ವಶದಲ್ಲಿದೆಯೆಂದು ಸಾರಿ ನಿಂತುಬಿಟ್ಟಿತು. ಕೆವಿಎಂ ಮಾಡ್ಯೂಲನ್ನು ಇಳಿಸಿದರೆ ಹಾದಿ ತೆರೆಯುತ್ತಿತ್ತು.

ಈಗ ಪ್ರಯೋಗಶಾಲೆಗೆ ಹಿಂದಿರುಗೋಣ. ಅತಿಥಿಯ ಡಿಸ್ಕು ಎಂಬುದು ಆತಿಥೇಯ ಗಣಕದಲ್ಲಿರುವ ಒಂದು ದೊಡ್ಡ ಕಡತವಷ್ಟೆ. ಮಾಡ್ಯೂಲು ಮುರಿದ ಮಾತ್ರಕ್ಕೆ ಆ ಕಡತ ಕೆಡುವುದಿಲ್ಲ. ಆದುದರಿಂದ ಮೊದಲನೆಯ ಕೆಲಸವೆಂದರೆ ಏನನ್ನೂ ಅಳಿಸದೆ, ಮಿಥ್ಯಾಯಂತ್ರದ ಫೋಲ್ಡರನ್ನು ಪೂರ್ತಿಯಾಗಿ ಬೇರೊಂದು ಡಿಸ್ಕಿಗೆ ನಕಲು ಮಾಡುವುದು. ಎರಡನೆಯದು, ಗಣಕವನ್ನು ಪುನಃ ಆರಂಭಿಸುವಾಗ ಪಟ್ಟಿಯಿಂದ ಹಳೆಯ ತಿರುಳನ್ನು ಆರಿಸುವುದು. ಬಹುಮಟ್ಟಿಗೆ ಎಲ್ಲ ಲಿನಕ್ಸ್ ವ್ಯವಸ್ಥೆಗಳೂ ಅದನ್ನು ಕೆಲಕಾಲ ಉಳಿಸಿಕೊಂಡಿರುತ್ತವೆ. ಅಲ್ಲಿ ಅತಿಥಿ ಎದ್ದರೆ, ದೋಷವಿರುವುದು ಹೊಸ ತಿರುಳಿನ ಕಡೆಯ ಸೇತುವೆಯಲ್ಲಿ ಎಂದು ನಿರ್ಧರಿಸಬಹುದು. ಹೆಡರ್ ಕಡತಗಳನ್ನೂ ತಂತ್ರಾಂಶದ ಹೊಸ ಆವೃತ್ತಿಯನ್ನೂ ತಂದು ಮಾಡ್ಯೂಲನ್ನು ಪುನಃ ಕಟ್ಟುವುದು ಕೊನೆಯ ಕೆಲಸ. ಅದನ್ನು ನಿಧಾನವಾಗಿ ಮಾಡಬಹುದು.

ದರ್ಪಣ ಒಡೆದರೆ ಬಿಂಬ ಮರೆಯಾಗುತ್ತದೆ. ಎದುರಿಗಿದ್ದ ವಸ್ತು ಎಲ್ಲಿಗೂ ಹೋಗುವುದಿಲ್ಲ. ವಿದ್ಯಾರ್ಥಿಯ ಅಳತೆಗಳೂ ಹಾಗೆಯೇ ಇದ್ದ ಸ್ಥಳದಲ್ಲಿಯೇ ಇವೆ. ಅವಸರದಲ್ಲಿ ನಾವೇ ಅವುಗಳನ್ನು ಅಳಿಸದಿದ್ದರೆ ಸಾಕು.