ಚೆಲ್ಲಿಹೋಗುವ ಮೊದಲ ಹಾಲು

ಫತ್‌ಹುಲ್ ಮುಈನ್ ಗ್ರಂಥದಲ್ಲಿ ಜೀವನಾಂಶದ ಅಧ್ಯಾಯವನ್ನು ಓದಿಸುತ್ತಿದ್ದೆ. ಮಗುವಿಗೆ ಹಾಲುಣಿಸುವ ಭಾಗದಲ್ಲಿ 'ಲಿಬಅ್' ಎಂಬ ಪದ ಬಂತು. ಹೆರಿಗೆಯಾದ ಕೂಡಲೇ ಬರುವ ಹಾಲು ಎಂದು ಅರ್ಥ ಹೇಳಿ ಮುಂದಿನ ಸಾಲಿಗೆ ಹೋಗುವುದರಲ್ಲಿದ್ದೆ. ಹಿಂದೆ ಕುಳಿತಿದ್ದ ಹುಡುಗನೊಬ್ಬ, "ಗಿಣ್ಣು ಅಲ್ವಾ ಉಸ್ತಾದ್?" ಎಂದ. ಅವನ ಮನೆಯಲ್ಲಿ ಎರಡು ದನಗಳಿವೆ. ಕರು ಹುಟ್ಟಿದರೆ ಮೊದಲು ಅದಕ್ಕೆ ಕುಡಿಸದೆ ಒಂದು ಹನಿಯನ್ನೂ ಕರೆಯಲು ಅವನ ಅಜ್ಜ ಬಿಡುವುದಿಲ್ಲವಂತೆ. "ಗಿಣ್ಣು ಕುಡಿಯದ ಕರು ಉಳಿಯುವುದಿಲ್ಲ ಅಂತ ಅಜ್ಜ ಹೇಳ್ತಾರೆ" ಎಂದ. ಉಳಿದ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ.

ಒಂಬತ್ತು ವರ್ಷಗಳ ಹಿಂದೆ ನನ್ನ ಹಿರಿಯ ಮಗ ಹುಟ್ಟಿದಾಗ ಈ ಅಧ್ಯಾಯವನ್ನು ನಾನು ಎರಡು ಬಾರಿ ಓದಿಸಿಯಾಗಿತ್ತು. ಆದರೂ ಆ ಮೂರು ದಿನ ನನ್ನ ಪತ್ನಿಯ ಹಾಲನ್ನು ಹಿಂಡಿ ಬಟ್ಟೆಗೆ ಒರೆಸಿ ಎಸೆಯಲಾಯಿತು. ಹಳದಿಯಾಗಿ, ಅಂಟಂಟಾಗಿ ಬಂದ ಅದನ್ನು ನೋಡಿ ನನ್ನ ತಾಯಿ, "ಮೂರು ದಿನ ಹೋಗಲಿ ಮಗಾ, ಇದು ಹಾಲಲ್ಲ, ಕೀವಿನ ಹಾಗಿದೆ, ಮಗುವಿಗೆ ಅರಗುವುದಿಲ್ಲ" ಎಂದರು. ಅವರಿಗೆ ಅವರ ತಾಯಿ ಹೇಳಿದ್ದೂ ಅದನ್ನೇ. ಮಗುವಿನ ಬಾಯಿಗೆ ಜೇನು ಸವರಿದರು, ಸಕ್ಕರೆ ನೀರು ಕೊಟ್ಟರು, ಯಾರೋ ತಂದ ಝಂಝಂ ನೀರನ್ನೂ ಹನಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹನ್ನೊಂದನೆಯ ದಿನ ಮಗುವಿಗೆ ಭೇದಿ ಹಿಡಿಯಿತು. ಆರು ದಿನ ಆಸ್ಪತ್ರೆಯಲ್ಲಿದ್ದೆವು. ಅಲ್ಲಾಹನ ಅನುಗ್ರಹದಿಂದ ಮಗು ಉಳಿಯಿತು. ಭೇದಿಗೆ ಅದೇ ಕಾರಣವೆಂದು ಖಚಿತವಾಗಿ ಹೇಳಲು ನಾನು ವೈದ್ಯನಲ್ಲ. ಆದರೆ ಪಾಠದಲ್ಲಿ ಕಡ್ಡಾಯ ಎಂದು ಓದಿದ್ದನ್ನು ಮನೆಯಲ್ಲಿ ಚೆಲ್ಲಲು ಬಿಟ್ಟವನು ನಾನೇ. ಆ ಅಪರಾಧವನ್ನು ನನ್ನ ತಾಯಿಯ ಮೇಲೆ ಹೊರಿಸಲಾರೆ.

ಕಡ್ಡಾಯ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಮಗುವಿಗೆ ಲಿಬಅ್ ಉಣಿಸುವುದು ತಾಯಿಯ ಹೊಣೆ ಎಂಬುದು ಶಾಫಿಈ ಮದ್‌ಹಬ್‌ನ ತೀರ್ಪು. ಕ್ರಿ.ಶ. 1277ರಲ್ಲಿ ನಿಧನರಾದ ಇಮಾಮ್ ನವವಿ(ರ)ಯವರ ಮಿನ್‌ಹಾಜ್‌ನಲ್ಲಿ ಇದು ಇದೆ. ಹದಿನಾರನೆಯ ಶತಮಾನದಲ್ಲಿ ಮಲಬಾರಿನ ಝೈನುದ್ದೀನ್ ಮಖ್ದೂಮ್(ರ) ಬರೆದ, ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಇಂದಿಗೂ ಓದಿಸುವ ಫತ್‌ಹುಲ್ ಮುಈನ್‌ನಲ್ಲೂ ಇದೆ. ಅದರ ಅವಧಿಯನ್ನು ಕೆಲವರು ಮೂರು ದಿನ ಎಂದರೆ ಕೆಲವರು ಏಳು ದಿನ ಎಂದಿದ್ದಾರೆ. ಆ ನಂತರದ ಹಾಲಿನ ವಿಷಯದಲ್ಲಿ ಹೀಗಿಲ್ಲ. ಹಾಲುಣಿಸಲು ಬೇರೆಯವರು ದೊರೆಯುವುದಾದರೆ ತಾಯಿಯನ್ನು ಬಲವಂತಪಡಿಸುವಂತಿಲ್ಲ. ಮೊದಲ ಹಾಲಿಗೆ ಮಾತ್ರ ಏಕೆ ಈ ಬಿಗಿ? ಅದಿಲ್ಲದೆ ಮಗು ಸಾಮಾನ್ಯವಾಗಿ ಬದುಕದು, ಬಲಗೊಳ್ಳದು ಎಂದು ವ್ಯಾಖ್ಯಾನಕಾರರು ಕಾರಣ ಕೊಡುತ್ತಾರೆ. 'ಸಾಮಾನ್ಯವಾಗಿ' ಎಂಬ ಮಾತನ್ನು ಗಮನಿಸಬೇಕು. ಫಿಕ್ಹ್‌ನ ವಿದ್ವಾಂಸರು ಅಳೆದು ಮಾತಾಡುವವರು. ಅದಿಲ್ಲದೆಯೂ ಬದುಕಿದ ಮಕ್ಕಳನ್ನು ಅವರು ಕಂಡಿದ್ದರು, ಬದುಕದವರನ್ನು ಹೆಚ್ಚು ಕಂಡಿದ್ದರು.

ಅವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ಆ ಹಳದಿ ದ್ರವದಲ್ಲಿ ಏನಿದೆ ಎಂಬುದು ತಿಳಿದದ್ದು ಇತ್ತೀಚೆಗೆ.

ಹುಡುಗನ ಅಜ್ಜ ಹೇಳಿದ ಕರುವಿನಿಂದಲೇ ಆರಂಭಿಸೋಣ. ಹಸುವಿನ ಗರ್ಭದಲ್ಲಿರುವಾಗ ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣು ಕುಡಿದ ಮೇಲೆಯೇ ಅದರ ರಕ್ತಕ್ಕೆ ರಕ್ಷಣೆ ಬರುತ್ತದೆ. ಅಜ್ಜನ ಮಾತು ಅಕ್ಷರಶಃ ನಿಜ. ಮನುಷ್ಯರ ಶಿಶುವಿನದು ಸ್ವಲ್ಪ ಭಿನ್ನ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಒಂದು ಬಗೆಯ ಪ್ರತಿಕಾಯಗಳು ಮಾಸಿನ ಮೂಲಕ ಅದರ ರಕ್ತಕ್ಕೆ ಸೇರಿರುತ್ತವೆ. ಆದ್ದರಿಂದ ರಕ್ತದಲ್ಲಿ ಕಾವಲು ಇದೆ. ಇಲ್ಲದಿರುವುದು ಕರುಳಿನಲ್ಲಿ. ಹುಟ್ಟಿದ ಮರುಗಳಿಗೆಯಿಂದ ಕೈಯಿಂದ, ಬಟ್ಟೆಯಿಂದ, ಗಾಳಿಯಿಂದ ಸೂಕ್ಷ್ಮಾಣುಗಳು ಒಳಗೆ ಹೋಗತೊಡಗುತ್ತವೆ. ಕರುಳಿನ ಒಳಪದರವಾದರೋ ಇನ್ನೂ ಬಿಗಿಯಾಗಿರುವುದಿಲ್ಲ.

ಈ ಹೊತ್ತಿಗೆ ಬರುವುದು ಮೊದಲ ಹಾಲು. ಅದರಲ್ಲಿ ಐ.ಜಿ.ಎ. ಎಂಬ ಪ್ರತಿಕಾಯ ತುಂಬಿರುತ್ತದೆ. ಹಾಲಿನಲ್ಲಿರುವ ಈ ಪ್ರತಿಕಾಯ ರಕ್ತದಲ್ಲಿರುವುದಕ್ಕಿಂತ ಬೇರೆಯದೆಂದು ಸ್ವೀಡನ್ನಿನ ವಿಜ್ಞಾನಿ ಲಾರ್ಸ್ ಹ್ಯಾನ್ಸನ್ 1961ರಲ್ಲಿ ತೋರಿಸಿದರು. ಅದು ಹೊಟ್ಟೆಯಲ್ಲಿ ಸುಲಭವಾಗಿ ಜೀರ್ಣವಾಗುವುದಿಲ್ಲ. ರಕ್ತಕ್ಕೂ ಹೋಗುವುದಿಲ್ಲ. ಕರುಳಿನ ಗೋಡೆಗೆ ಸುಣ್ಣ ಬಳಿದಂತೆ ಬಳಿದುಕೊಂಡು, ಬಂದ ರೋಗಾಣು ಗೋಡೆಗೆ ಅಂಟದಂತೆ ತಡೆಯುತ್ತದೆ.

ನನ್ನನ್ನು ತುಂಬ ಆಲೋಚನೆಗೆ ಹಚ್ಚಿದ್ದು ಈ ಪ್ರತಿಕಾಯ ಎಲ್ಲಿಂದ ಬರುತ್ತದೆ ಎಂಬ ವಿಷಯ. ತಾಯಿ ತಾನು ಇರುವ ಮನೆಯಲ್ಲಿ ಉಣ್ಣುತ್ತಾಳೆ, ಉಸಿರಾಡುತ್ತಾಳೆ. ಆ ಮನೆಯ, ಆ ಬಾವಿಯ, ಆ ಓಣಿಯ ರೋಗಾಣುಗಳು ಅವಳ ಕರುಳನ್ನೂ ಶ್ವಾಸಕೋಶವನ್ನೂ ಮುಟ್ಟುತ್ತವೆ. ಅಲ್ಲಿ ಅವುಗಳ ಗುರುತು ಹಿಡಿದ ರಕ್ಷಣಾ ಕೋಶಗಳು ಅಲ್ಲಿಂದ ಹೊರಟು ಸ್ತನಕ್ಕೆ ಬಂದು ನೆಲೆಸಿ, ಅದೇ ರೋಗಾಣುಗಳಿಗೆ ತಕ್ಕ ಪ್ರತಿಕಾಯವನ್ನು ಹಾಲಿಗೆ ಸೇರಿಸುತ್ತವೆ. ಹೀಗೆ ಮಗು ಯಾವ ಮನೆಯಲ್ಲಿ ಬೆಳೆಯಬೇಕೋ ಆ ಮನೆಗೆ ಹೊಂದುವ ಔಷಧಿ ಅದರ ತಾಯಿಯಲ್ಲೇ ತಯಾರಾಗುತ್ತದೆ. ಇದನ್ನು ಯಾವ ಡಬ್ಬದಲ್ಲಿ ತುಂಬಲು ಸಾಧ್ಯ?

ಇದಲ್ಲದೆ ಆ ಹಾಲಿನಲ್ಲಿ ಲ್ಯಾಕ್ಟೊಫೆರಿನ್ ಇದೆ. ರೋಗಾಣುಗಳಿಗೆ ಬೇಕಾದ ಕಬ್ಬಿಣವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಣ್ಣೀರಿನಲ್ಲಿರುವ ಲೈಸೋಝೈಮ್ ಕೂಡ ಇದೆ. ಜೀವಂತ ಬಿಳಿ ರಕ್ತಕಣಗಳಿವೆ, ಎ ಜೀವಸತ್ವವಿದೆ. ಅದು ಮಗುವಿನ ಕಪ್ಪು ಮೊದಲ ಮಲವನ್ನು ಹೊರಹಾಕಲೂ ನೆರವಾಗುತ್ತದೆ. 'ಅರಗುವುದಿಲ್ಲ' ಎಂದು ಚೆಲ್ಲುವ ಹಾಲೇ ಹೊಟ್ಟೆಯನ್ನು ಸ್ವಚ್ಛ ಮಾಡುವ ಹಾಲು! ಪ್ರಮಾಣ ಕಡಿಮೆ ಎಂದು ಹೆದರುವವರಿದ್ದಾರೆ. ಮೊದಲ ದಿನ ಒಂದು ಸಲಕ್ಕೆ ಸಣ್ಣ ಚಮಚದಷ್ಟು ಬಂದರೂ ಆ ಪುಟ್ಟ ಹೊಟ್ಟೆಗೆ ಅಷ್ಟು ಸಾಕು.

ಇನ್ನು ಹಾಲಿನ ಸಕ್ಕರೆಗಳ ವಿಷಯ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಹೆಚ್ಚಾಗಿರುವ ಘನವಸ್ತು ಓಲಿಗೋಸ್ಯಾಕರೈಡ್ ಎಂಬ ವಿಶೇಷ ಸಕ್ಕರೆಗಳು. ಅವುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಮೊದಲ ಹಾಲಿನಲ್ಲಿ ಅವುಗಳ ಪ್ರಮಾಣ ಇನ್ನೂ ಹೆಚ್ಚು. ವಿಚಿತ್ರವೆಂದರೆ ಇವನ್ನು ಜೀರ್ಣಿಸುವ ಶಕ್ತಿ ಶಿಶುವಿಗೆ ಇಲ್ಲ. ಹಾಗಿದ್ದರೆ ತಾಯಿಯ ದೇಹ ಅಷ್ಟು ಶ್ರಮಪಟ್ಟು ಅದನ್ನೇಕೆ ತಯಾರಿಸಬೇಕು?

ಉತ್ತರದ ಒಂದು ತುದಿ ಪ್ಯಾರಿಸ್‌ನಲ್ಲಿ ಸಿಕ್ಕಿತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಹೆನ್ರಿ ಟಿಸಿಯೇ ಎಂಬವರು ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಎರಡಾಗಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾವನ್ನು ಕಂಡರು. ಅದರ ಇಂದಿನ ಹೆಸರು ಬೈಫಿಡೊಬ್ಯಾಕ್ಟೀರಿಯಂ. ಎದೆಹಾಲಿನಲ್ಲಿ ಅದನ್ನು ಬೆಳೆಸುವ ಅಂಶವೊಂದಿದೆ ಎಂದು 1950ರ ದಶಕದಲ್ಲಿ ಪಾಲ್ ಜಾರ್ಜಿ ಮತ್ತು ಅವರ ಸಂಗಡಿಗರು ತೋರಿಸಿದರು. ಆ ಅಂಶವೇ ಈ ಸಕ್ಕರೆಗಳು. ತಾಯಿ ಏಕಕಾಲಕ್ಕೆ ಇಬ್ಬರಿಗೆ ಉಣಿಸುತ್ತಾಳೆ: ಒಂದು ಮಗು, ಇನ್ನೊಂದು ಆ ಮಗುವಿನ ಕರುಳಿನಲ್ಲಿ ವಾಸಿಸಬೇಕಾದ ಸಾಧು ಬ್ಯಾಕ್ಟೀರಿಯಾ. ಅವು ಈ ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಹುಳಿಯಾದ ಕರುಳಿನಲ್ಲಿ ಕೆಡುಕಿನ ಬ್ಯಾಕ್ಟೀರಿಯಾಗಳಿಗೆ ಬೇರೂರಲು ಕಷ್ಟ. ಬೆಳೆಯುತ್ತಿರುವ ರೋಗನಿರೋಧಕ ವ್ಯವಸ್ಥೆ ಯಾರನ್ನು ಶತ್ರುವೆಂದು ಎದುರಿಸಬೇಕು, ಯಾರನ್ನು ಸಹಿಸಿಕೊಳ್ಳಬೇಕು ಎಂಬುದನ್ನು ಕಲಿಯುವುದೂ ಇವುಗಳ ಸಹವಾಸದಲ್ಲೇ. ಕೆಲವು ಸಕ್ಕರೆಗಳಿಗೆ ಇನ್ನೊಂದು ಕೆಲಸವೂ ಇದೆ. ಕರುಳಿನ ಗೋಡೆಯ ಮೇಲೆ ರೋಗಾಣು ಅಂಟುವ ಜಾಗವನ್ನೇ ಅವು ಹೋಲುತ್ತವೆ. ಮೋಸಹೋದ ರೋಗಾಣು ಸಕ್ಕರೆಗೆ ಅಂಟಿಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ.

ಇದೆಲ್ಲ ಪ್ರಯೋಗಾಲಯದ ಮಾತಾಯಿತು, ಬದುಕಿನಲ್ಲಿ ಏನಾಗಿದೆ ಎಂದು ಕೇಳಬಹುದು. ಘಾನಾ ದೇಶದ ಹಳ್ಳಿಗಳಲ್ಲಿ 10,000ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಲ್ಲ ಶಿಶುಗಳಿಗೂ ಮೊದಲ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದರೆ ನವಜಾತ ಶಿಶುಗಳ ಸಾವಿನಲ್ಲಿ ನೂರಕ್ಕೆ 22ನ್ನು ತಪ್ಪಿಸಬಹುದಿತ್ತು ಎಂದು ಅದು ಲೆಕ್ಕ ಹಾಕಿತು. ನಮ್ಮದೇ ಒಡಿಶಾದ ಹಳ್ಳಿಗಳ ಸುದ್ದಿ 2017ರದು. ಎದೆಹಾಲು ಕುಡಿಯುತ್ತಿದ್ದ 4,500ಕ್ಕೂ ಹೆಚ್ಚು ಶಿಶುಗಳಲ್ಲಿ ಅರ್ಧದಷ್ಟಕ್ಕೆ ಒಂದು ಸಾಧು ಬ್ಯಾಕ್ಟೀರಿಯಾವನ್ನೂ ಅದರ ಆಹಾರವಾದ ಸಕ್ಕರೆಯನ್ನೂ ಒಂದು ವಾರ ಕೊಡಲಾಯಿತು. ಕೊಡದ ಶಿಶುಗಳಲ್ಲಿ ನೂರಕ್ಕೆ 9 ಮಕ್ಕಳು ರಕ್ತದ ನಂಜಿಗೋ ಸಾವಿಗೋ ತುತ್ತಾದರೆ, ಕೊಟ್ಟವುಗಳಲ್ಲಿ ಅದು 5.4ಕ್ಕೆ ಇಳಿಯಿತು. ಮೊದಲ ವಾರದಲ್ಲಿ ಕರುಳಿನಲ್ಲಿ ಯಾರು ಮನೆ ಮಾಡುತ್ತಾರೆ ಎಂಬುದು ಜೀವನ್ಮರಣದ ಪ್ರಶ್ನೆಯೆಂದು ಇದರಿಂದ ಕಾಣುತ್ತದೆ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕಿದ ಮಕ್ಕಳು ನೂರಕ್ಕೆ 41.8 ಮಾತ್ರ.

ಈಗ ಜೇನಿನ ವಿಷಯಕ್ಕೆ ಬರಲೇಬೇಕು. ಇಲ್ಲಿ ಹಲವರಿಗೆ ಬೇಸರವಾಗಬಹುದು. ಜೇನಿನಲ್ಲಿ ಮನುಷ್ಯರಿಗೆ ಶಮನವಿದೆಯೆಂದು ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ಹೇಳುತ್ತದೆ. ಅದರಲ್ಲಿ ವಿಶ್ವಾಸವಿದ್ದೇ ಹೇಳುತ್ತೇನೆ: ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಜೇನಿನಲ್ಲಿ ಬೊಟುಲಿಸಂ ಎಂಬ ರೋಗದ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮ್ಮ ನಿಮ್ಮ ಕರುಳಿನಲ್ಲಿ ಈಗಾಗಲೇ ನೆಲೆಸಿರುವ ಸೂಕ್ಷ್ಮಾಣುಗಳು ಅವನ್ನು ಮೊಳೆಯಲು ಬಿಡುವುದಿಲ್ಲ. ಶಿಶುವಿನ ಕರುಳು ಮಾತ್ರ ಖಾಲಿ ಹೊಲ. ಅಲ್ಲಿ ಅವು ಮೊಳೆತು ವಿಷ ಬಿಟ್ಟರೆ ಮಗುವಿನ ಸ್ನಾಯುಗಳು ಸಡಿಲಗೊಂಡು ಉಸಿರಾಟವೇ ನಿಲ್ಲಬಹುದು. ರೋಗ ಅಪರೂಪ, ಆದರೆ ಬಂದರೆ ಘೋರ. ಔಷಧಿಗೆ ವಯಸ್ಸಿನ ಅಳತೆ ಇದೆಯೆಂದು ಹೇಳಿದರೆ ಔಷಧಿಯನ್ನು ನಿರಾಕರಿಸಿದಂತಾಗುವುದಿಲ್ಲ.

"ತಹ್‌ನೀಕ್ ಸುನ್ನತ್ ಅಲ್ಲವೇ?" ಎಂದು ಕೇಳುವಿರಿ. ಹೌದು. ಅಸ್ಮಾ(ರ) ಕುಬಾದಲ್ಲಿ ಅಬ್ದುಲ್ಲಾ ಇಬ್ನ್ ಝುಬೈರ್‌ರನ್ನು ಹೆತ್ತು ಪ್ರವಾದಿವರ್ಯರ(ಸ) ಬಳಿಗೆ ತಂದಾಗ, ಅವರು ಖರ್ಜೂರವನ್ನು ಅಗಿದು ಮಗುವಿನ ಅಂಗುಳಿಗೆ ಸವರಿ ಪ್ರಾರ್ಥಿಸಿದರು. ಖರ್ಜೂರ ಸಿಗದಿದ್ದರೆ ಸಿಹಿಯಾದ ಬೇರೇನಾದರೂ ಎಂದು ವಿದ್ವಾಂಸರು ಬರೆದರು. ಆ ಬಾಗಿಲಿನಿಂದ ಜೇನು ನಮ್ಮ ಮನೆಗೆ ಬಂತು. ಖರ್ಜೂರ ಈಗ ಯಾವ ಅಂಗಡಿಯಲ್ಲಿ ಸಿಗುವುದಿಲ್ಲ? ಶುದ್ಧವಾದ ಕೈಯಿಂದ, ಮೆತ್ತಗೆ ಮಾಡಿದ ಖರ್ಜೂರದ ಲೇಶವನ್ನು ಅಂಗುಳಿಗೆ ಸವರುವುದಕ್ಕೆ ಅರ್ಧ ನಿಮಿಷ ಸಾಕು. ಅದು ಪ್ರಾರ್ಥನೆಯ ಸಂದರ್ಭವೇ ಹೊರತು ಊಟವಲ್ಲ. ತಹ್‌ನೀಕ್ ಸುನ್ನತ್, ಲಿಬಅ್ ವಾಜಿಬ್. ಸುನ್ನತ್ ಮಾಡುವವರು ಊರಿನಿಂದ ಬರಲಿ ಎಂದು ವಾಜಿಬನ್ನು ಸಂಜೆಯವರೆಗೆ ಕಾಯಿಸುವುದು ಯಾವ ಫಿಕ್ಹ್? ಇನ್ನು ಸಕ್ಕರೆ ನೀರು, ಗ್ರೈಪ್ ವಾಟರ್, ತೇದ ಬಜೆ, ಇವುಗಳಿಗೆ ಸುನ್ನತ್‌ನ ಆಧಾರವೂ ಇಲ್ಲ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈದ್ಯರು ಬರೆದುಕೊಟ್ಟ ಔಷಧಿ ಬೇರೆ ಮಾತು.

ಹಾಲಿನ ಪುಡಿಯನ್ನು ವಿಷವೆಂದು ಕರೆಯುವವರ ಜೊತೆ ನಾನಿಲ್ಲ. ತಾಯಿ ತೀರಿಕೊಂಡ, ತಾಯಿಗೆ ಕಠಿಣ ಚಿಕಿತ್ಸೆ ನಡೆಯುತ್ತಿರುವ ಮಕ್ಕಳನ್ನು ಅದು ಉಳಿಸಿದೆ. ಆದರೆ ಅದರ ಜಾಹೀರಾತನ್ನು ತಡೆಯಲು 1992ರಲ್ಲಿ ನಮ್ಮ ದೇಶದಲ್ಲಿ ಕಾನೂನೇ ಬರಬೇಕಾಯಿತು. ಶಸ್ತ್ರಚಿಕಿತ್ಸೆಯಿಂದ ಹೆತ್ತ ತಾಯಿಗೆ ಹಾಲೇ ಇಲ್ಲವೆಂದು ಮೊದಲ ದಿನವೇ ಡಬ್ಬ ತರಿಸುವ ಅವಸರ ಬೇಡ. ಅವಳನ್ನು ಒರಗಿಸಿ, ಮಗುವನ್ನು ಎದೆಗೆ ಹಿಡಿದುಕೊಡಲು ಒಬ್ಬರು ಜೊತೆಗಿದ್ದರೆ ಹೆಚ್ಚಿನವರಿಗೆ ಸಾಧ್ಯವಾಗುತ್ತದೆ. ಮಗು ಚೀಪಿದಷ್ಟೂ ಹಾಲು ಬರುತ್ತದೆ.

ಆರು ತಿಂಗಳಾದ ಮೇಲೆ ರಾಗಿ ಸರಿ, ಬಾಳೆಕಾಯಿ ಹಿಟ್ಟು, ಬೇಳೆ ಎಲ್ಲವೂ ಬರಲಿ, ಹಾಲೂ ಮುಂದುವರಿಯಲಿ. ಢಾಕಾದ ಬಡ ಬಡಾವಣೆಯಲ್ಲಿ ತೂಕ ಕಡಿಮೆಯಿದ್ದ ಮಕ್ಕಳಿಗೆ ಕಡಲೆ, ಸೋಯಾ, ನೆಲಗಡಲೆ ಮತ್ತು ಬಾಳೆಕಾಯಿಯಿಂದ ಮಾಡಿದ ಆಹಾರವನ್ನು ಮೂರು ತಿಂಗಳು ಕೊಟ್ಟು ನೋಡಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಹೆಚ್ಚು ಕ್ಯಾಲೊರಿಯ ಸಿದ್ಧ ಆಹಾರ ತಿಂದವರಿಗಿಂತ ಈ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಆ ಆಹಾರವನ್ನು ಆರಿಸಿದ್ದೇ ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನು ಬೆಳೆಸಲು. ಆ ನಾಲ್ಕೂ ನಮ್ಮ ಅಡುಗೆಮನೆಗೆ ಹೊಸತಲ್ಲ.

ಅಲ್‌ಬಕರದ 233ನೆಯ ಸೂಕ್ತದಲ್ಲಿ ಪೂರ್ಣ ಎರಡು ವರ್ಷದ ಹಾಲಿನ ಮಾತಿದೆ. ಅದೇ ಸೂಕ್ತದಲ್ಲಿ ತಂದೆಯ ಹೆಸರಿಗೆ ಬರೆದ ಹೊಣೆಯನ್ನು ನಾವು ಗಂಡಸರು ಬೇಗ ಮರೆಯುತ್ತೇವೆ. ಹಾಲೂಡುವವಳ ಅನ್ನ, ಬಟ್ಟೆ ಅವನ ಮೇಲಿದೆ. ಹಾಲು ಬಿಡಿಸುವುದು ಕೂಡ ಇಬ್ಬರೂ ಸಮಾಲೋಚಿಸಿ, ಒಪ್ಪಿ ಮಾಡಬೇಕಾದ ಕೆಲಸ. ಮಗುವಿಗೆ ತೊಂದರೆಯಾದೀತೆಂಬ ಭಯವಿದ್ದರೆ ಅವಳಿಗೆ ರಂಝಾನ್ ಉಪವಾಸದಲ್ಲೂ ರಿಯಾಯಿತಿ ಇದೆ. ಬಾಣಂತಿಗೆ ನೀರು ಕಡಿಮೆ ಕೊಟ್ಟು, ಮೀನು, ತರಕಾರಿಗೆ ಪಥ್ಯವೆಂದು ತಡೆದು, ಆಮೇಲೆ "ಹಾಲಿಲ್ಲ" ಎಂದು ಅವಳನ್ನೇ ದೂರುವ ಮನೆಗಳನ್ನು ನಾನು ಬಲ್ಲೆ.

ನನ್ನ ಮಗಳು ಹುಟ್ಟಿದ್ದು ನಾಲ್ಕು ವರ್ಷಗಳ ಹಿಂದೆ. ಹೆರಿಗೆಗೆ ಒಂದು ತಿಂಗಳಿರುವಾಗಲೇ ಒಂದು ರಾತ್ರಿ ತಾಯಿಯ ಬಳಿ ಕುಳಿತು, ಗ್ರಂಥವನ್ನು ಬಿಡಿಸಿ ಆ ಸಾಲನ್ನು ಓದಿ ಅರ್ಥ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಇದನ್ನು ಆಗಲೇ ಯಾಕೆ ಹೇಳಲಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮಗು ಹುಟ್ಟಿ ಅರ್ಧ ಗಂಟೆಯೊಳಗೆ ಅದನ್ನು ಎತ್ತಿ ಸೊಸೆಯ ಎದೆಗಿಟ್ಟವರು ಅವರೇ. ಹೊರಗೆ ಜೇನಿನ ಬಾಟ್ಲಿ ಹಿಡಿದು ನಿಂತಿದ್ದ ನೆಂಟರಿಗೆ, "ಅದನ್ನು ಬಾಣಂತಿಗೆ ಕೊಡುವ" ಎಂದು ಹೇಳಿ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡರು.