ಒಲೆಯ ಬಾಯಿ ಮುಚ್ಚುವ ಮುಂಚೆ

ಬಚ್ಚಲುಮನೆಯ ಹಂಡೆ ಒಲೆ ತೆಗೆಸಿ ಗ್ಯಾಸ್ ಗೀಸರ್ ಹಾಕಿಸುತ್ತೀಯಂತೆ. ಹಾಕಿಸಪ್ಪಾ, ಬೇಡ ಅಂದವರ್ಯಾರು? ನಲವತ್ತು ವರ್ಷ ಆ ಒಲೆ ಊದಿ ಕಣ್ಣು ಕೆಂಪಗೆ ಮಾಡಿಕೊಂಡವಳು ನಾನು. ಅದು ಹೋದ ದಿನ ಪಾಯಸ ಮಾಡುವವಳೂ ನಾನೇ. ಆದರೆ ಬೆಳಿಗ್ಗೆ ಗೀಸರ್ ಆರ್ಡರ್ ಮಾಡಿ, ಮಧ್ಯಾಹ್ನ ಟೈಲ್ಸ್‌ನವನಿಗೆ ಅಡ್ವಾನ್ಸ್ ಕೊಟ್ಟು, ಸಂಜೆ ಬಂದು ‘ಅಜ್ಜಿ, ಆ ಒಲೆ ಗೂಡು ಮುಚ್ಚಿಸಿಬಿಡಲಾ?’ ಅಂತ ಕೇಳುತ್ತೀಯಲ್ಲ, ನಿನ್ನ ಜಾಣತನಕ್ಕೆ ಏನು ಹೇಳಲಿ! ಮೊದಲು ಕೇಳಬೇಕಾದ್ದನ್ನು ಕೊನೆಗೆ ಕೇಳಿದೆ. ಹೋಗಲಿ, ಕೇಳಿದೆಯಲ್ಲ.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದಾದ ಹತ್ತು ಹನ್ನೆರಡು ವರ್ಷಕ್ಕೆ ನಮ್ಮ ಮಾವ ಈ ಮನೆ ಕಟ್ಟಿಸಿದರು. ಹಂಡೆ ಬಚ್ಚಲೊಳಗೆ, ಒಲೆಯ ಬಾಯಿ ಮಾತ್ರ ಹಿತ್ತಿಲಿಗೆ. ಮಳೆಯಲ್ಲಿ ನೆನೆಯುತ್ತಾ ತೆಂಗಿನಗರಿ, ಕರಟ, ಸೌದೆ ತುರುಕುವಾಗ ನಾನು ಮನಸ್ಸಿನಲ್ಲೇ ಮಾವನವರನ್ನು ಬೈದುಕೊಂಡದ್ದುಂಟು. ಬೆಂಕಿ ಹೊರಗೆ, ನೀರು ಒಳಗೆ ಇಟ್ಟದ್ದು ಯಾಕೆ ಅಂತ ತಿಳಿದದ್ದು ಬಹಳ ತಡವಾಗಿ.

ಸೌದೆ ಒಲೆ ಜಗಳಗಂಟಿ ಅತ್ತೆಯ ಹಾಗೆ. ಗಾಳಿ ಸಾಲದಿದ್ದರೆ ಕೆಮ್ಮಿಸಿ, ಅಳಿಸಿ, ಆಚೆಗೆ ಓಡಿಸುತ್ತದೆ. ಗ್ಯಾಸಿನ ಉರಿ ಹಾಗಲ್ಲ, ಬಲು ನಯ. ಗಾಳಿ ಕಡಿಮೆಯಾದರೆ ಸದ್ದಿಲ್ಲದೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ನಾತ ಬರುತ್ತಲ್ಲ ಅನ್ನಬೇಡ. ಆ ನಾತ ಬೇಕೆಂದೇ ಬೆರೆಸಿದ್ದು, ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅದು ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಚಿಲಕ ತೆಗೆಯಲೂ ಕೈ ಏಳುವುದಿಲ್ಲ.

ನಮ್ಮ ತಂಗಿ ಮಗಳಿಗೆ ಆದದ್ದು ಇದೇ. ಬಾಡಿಗೆ ಮನೆ, ಬಚ್ಚಲೊಳಗೇ ಗೀಸರ್. ಚಳಿ ಅಂತ ಕಿಟಕಿಯ ಗಾಜಿನ ಸಂದಿಗೆಲ್ಲ ಪೇಪರ್ ತುರುಕಿದ್ದಳು. ತಲೆಸ್ನಾನಕ್ಕೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲು ಒದ್ದು ತೆಗೆದರು, ಬದುಕಿಕೊಂಡಳು. ಆವತ್ತು ರಾತ್ರಿ ನಿಮ್ಮ ತಾತ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಒಂದು ಲೆಕ್ಕ ಬರೆದರು. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯ ತೂಕ ಸುಮಾರು 10 ಕಿಲೋ. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು 15 ಕಿಲೋ ಗಾಳಿ ಬೇಕು. ಗೀಸರ್ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಉರಿಸುತ್ತದೆ. ನೀನೋ, ಹಾಡು ಹಾಕಿಕೊಂಡು ಅರ್ಧ ಗಂಟೆ ಮೀಯುವವನು. ಉಸಿರಾಟಕ್ಕೆ ಏನು ಉಳಿಯಿತು, ನೀನೇ ಹೇಳು.

ಅದಕ್ಕೇ ಗೀಸರನ್ನು ಬಚ್ಚಲೊಳಗೆ ತೂಗುಹಾಕಬೇಡ. ಮಾವನವರು ಮಾಡಿದ ಹಾಗೇ ಮಾಡು. ಹಿತ್ತಿಲ ಗೋಡೆಗೆ, ಸಜ್ಜೆಯ ಕೆಳಗೆ, ಮಳೆ ಬೀಳದ ಕಡೆ, ಗಾಳಿ ನೇರ ಹೊಡೆಯದ ಕಡೆ ಹಾಕಿಸು. ಒಲೆಯ ಗೂಡಿನಿಂದ ಬಿಸಿನೀರಿನ ಪೈಪ್ ಒಳಗೆ ಬರಲಿ. ಸಿಪಿವಿಸಿ ಪೈಪ್ ಕೇಳು. ಎಲ್ಲ ಒಂದೇ ಸಾರ್ ಅಂತ ಮಾಮೂಲಿ ಪಿವಿಸಿ ಹಾಕಿಹೋಗುವ ಪ್ಲಂಬರ್‌ಗಳು ಈ ಊರಲ್ಲಿ ಕಡಿಮೆಯಿಲ್ಲ.

ಗೂಡು ಸಿದ್ಧಮಾಡುವ ಕೆಲಸಕ್ಕೆ ಒಂದು ಪೂರ್ತಿ ದಿನ ಬಿಡು. ಬಿದಿರು ಗಳದ ತುದಿಗೆ ಹಂಚಿಕಡ್ಡಿ ಪೊರಕೆ ಕಟ್ಟಿ ಚಿಮಣಿ ಕೆರೆಸು. ಎರಡು ಬಕೆಟ್ ಮಸಿ, ಇಲ್ಲಣ, ಒಂದು ಗೊರವಂಕದ ಗೂಡು ಬಿದ್ದರೆ ಆಶ್ಚರ್ಯಪಡಬೇಡ. ಆಮೇಲೆ ಗೂಡಿನ ಬಾಯಲ್ಲಿ ಊದುಬತ್ತಿ ಹಚ್ಚಿಡು. ಹೊಗೆ ಸರಸರ ಮೇಲೆ ಹೋದರೆ ಸರಿ. ತಿರುಗಿ ಮುಖಕ್ಕೆ ಬಂದರೆ ಮೇಲೆಲ್ಲೋ ಕಟ್ಟಿದೆ. ಇಷ್ಟಕ್ಕೇ ಕೈ ತೊಳೆದುಕೊಳ್ಳಬೇಡ, ಹಸಿ ತೆಂಗಿನ ಸಿಪ್ಪೆ ಹೊಗೆ ಹಾಕಿ ಅಟ್ಟ ಹತ್ತಿ ನೋಡು. ನಾನು ಹಾಗೆ ನೋಡಿದಾಗ ಉಪ್ಪಿನಕಾಯಿ ಜಾಡಿಗಳ ಹಿಂದಿನ ಗೋಡೆಯಿಂದ ಎಳೆಯಾಗಿ ಹೊಗೆ ಬರುತ್ತಿತ್ತು. ಗಾರೆ ಉದುರಿ ಇಟ್ಟಿಗೆ ಸಂದು ಬಿಟ್ಟಿತ್ತು. ಸೌದೆ ಹೊಗೆಯಾದ್ದರಿಂದ ಕಂಡಿತು. ಗ್ಯಾಸಿನದಾಗಿದ್ದರೆ ಕಾಣುತ್ತಿತ್ತೇ? ‘ಗೀಸರಿನ ಹೊಗೆ ಪೈಪನ್ನು ಹಳೇ ಚಿಮಣಿಗೇ ಸೇರಿಸಿಬಿಡೋಣ’ ಅಂತ ಯಾರಾದರೂ ಬುದ್ಧಿವಂತಿಕೆ ತೋರಿಸಿದರೆ ಬೇಡ ಅನ್ನು. ಆ ಚಿಮಣಿ ಇನ್ನು ಬಚ್ಚಲ ಆವಿ ಹೋಗಲಿಕ್ಕೆ ಇರಲಿ. ಬಾಯಿಗೆ ಹಕ್ಕಿ ನುಗ್ಗದ ಹಾಗೆ ಜಾಲರಿ ಹಾಕಿಸು, ಟೈಲ್ಸ್ ಅಂಟಿಸಬೇಡ.

ಸಿಲಿಂಡರ್ ನೆಟ್ಟಗೆ ನಿಲ್ಲಲಿ, ಬಚ್ಚಲ ನೀರು ಹೋಗುವ ಗುಂಡಿಯಿಂದ ದೂರ. ಈ ಗ್ಯಾಸ್ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ಸೋರಿಕೆ ನೋಡಲು ಸೋಪಿನ ನೀರು ಸವರು. ಬೆಂಕಿಕಡ್ಡಿ ಗೀರಿ ನೋಡುವವರ ಮನೆಗೆ ನಾನು ಊಟಕ್ಕೂ ಹೋಗುವುದಿಲ್ಲ. ನಾಳೆ ನಮ್ಮ ರಸ್ತೆಗೂ ಗೇಲ್‌ನವರ ಪೈಪ್ ಗ್ಯಾಸ್ ಬಂದರೆ ಇದೇ ಗೀಸರನ್ನು ಸುಮ್ಮನೆ ಅದಕ್ಕೆ ಸಿಕ್ಕಿಸಬೇಡ. ಅದು ಬೇರೆ ಅನಿಲ, ಗಾಳಿಗಿಂತ ಹಗುರ, ಒತ್ತಡವೂ ಬೇರೆ. ಅದಕ್ಕೆ ತಕ್ಕ ಜೆಟ್ ಬೇಕು, ಬದಲಿಸುವುದಕ್ಕೆ ಅವರ ಕಡೆಯವರೇ ಬರಬೇಕು. ನಿನ್ನ ಅಕ್ಕನಂಥ ಫ್ಲ್ಯಾಟಿನವರಿಗೆ ಹಿತ್ತಿಲೂ ಇಲ್ಲ, ಬಾಲ್ಕನಿಯೂ ಇಲ್ಲ. ಅಂಥವರು ಕರೆಂಟಿನದೋ ಸೋಲಾರೋ ಹಾಕಿಸಿಕೊಳ್ಳಲಿ, ಈ ಗ್ಯಾಸಿನ ಉಸಾಬರಿಯೇ ಬೇಡ.

ಟೈಲ್ಸ್‌ನವನಿಗೆ ಫೋನ್ ಮಾಡಿ ಒಂದು ವಾರ ತಡೆ ಅನ್ನು. ಅಡ್ವಾನ್ಸ್ ಎಲ್ಲೂ ಓಡಿಹೋಗುವುದಿಲ್ಲ. ಮತ್ತೆ ತಾಮ್ರದ ಹಂಡೆಯನ್ನು ಗುಜರಿಯವನಿಗೆ ಕೊಟ್ಟೀಯ, ಜೋಕೆ! ದೀಪಾವಳಿಗೆ ನೀರು ತುಂಬುವ ಹಬ್ಬ ಬರುತ್ತದೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂವು ಸುತ್ತಲು ನಿನ್ನ ಗೀಸರಿಗೆ ಕೊರಳೆಲ್ಲಿದೆ? ಈ ಸಲ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುವ ಕೆಲಸ ನಿನ್ನ ಪಾಲಿಗೆ. ನನ್ನ ರಟ್ಟೆ ಸೋತಿದೆ.