ನೆರೆಹಾನಿಯ ಹೊಣೆ ಯಾರದು? ಕಲ್ಲಿದ್ದಲು, ತೈಲ ಕಂಪನಿಗಳ ಪಾಲಿನ ಲೆಕ್ಕ

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಗೆ ಬಂದ ಮಹಾಪೂರವನ್ನು ಸವದತ್ತಿ, ರಾಮದುರ್ಗ ತಾಲೂಕುಗಳ ರೈತ ಬಾಂಧವರು ಮರೆತಿರಲಾರರು. ಕಣಕುಂಬಿಯ ಕಡೆ ಸುರಿದ ಮಳೆಗೆ ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ಮುನವಳ್ಳಿ, ರಾಮದುರ್ಗ ಪಟ್ಟಣಗಳಿಗೆ ನುಗ್ಗಿತು. ನದಿದಂಡೆಯ ಪೀಕು ನೀರುಪಾಲಾಯಿತು. ಆಗ ಮಳೆಯಾಶ್ರಿತ ಬೆಳೆಗೆ ಕೇಂದ್ರದ ಪರಿಹಾರ ದರ ಹೆಕ್ಟೇರಿಗೆ 6,800 ರೂ. ಇತ್ತು, ರಾಜ್ಯ ಸರ್ಕಾರ ಅದಕ್ಕೆ 10,000 ರೂ. ಸೇರಿಸಿತು. ಇದೆಲ್ಲ ಬೊಕ್ಕಸದ ಹಣ, ಎಂದರೆ ತೆರಿಗೆ ಕೊಡುವ ಜನರದ್ದು. ಕಲ್ಲಿದ್ದಲು, ತೈಲ ಮಾರಿ ಲಾಭ ಪಡೆದವರ ಪಾಲು ಇದರಲ್ಲಿ ಎಷ್ಟಿರಬೇಕು ಎಂಬ ಪ್ರಶ್ನೆ ಈಗ ಹಲವು ದೇಶಗಳ ನ್ಯಾಯಾಲಯಗಳ ಮುಂದಿದೆ.

ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿದು ಬರುವ ಇಂಗಾಲದ ಡೈ ಆಕ್ಸೈಡಿನಿಂದ ಭೂಮಿಯ ಸರಾಸರಿ ಉಷ್ಣತೆ ಈಗಾಗಲೇ ಒಂದು ಡಿಗ್ರಿಗೂ ಮೀರಿ ಏರಿದೆ. ಆದ್ದರಿಂದ ಒಮ್ಮೆಲೇ ಸುರಿಯುವ ಭಾರಿ ಮಳೆಗೆ ಅನುಕೂಲವಾಗಿದೆ. ಹಾಗೆಂದು ಒಂದು ಪೂರದ ಪೂರ್ತಿ ಹೊಣೆಯನ್ನು ಹವಾಮಾನ ಬದಲಾವಣೆಯ ಮೇಲೆ ಹೊರಿಸುವುದು ಸರಿಯಲ್ಲ. ನದಿಪಾತ್ರದ ಒತ್ತುವರಿ, ಜಲಾಶಯದಿಂದ ನೀರು ಬಿಡುವ ಸಮಯ, ಇವುಗಳ ಪಾಲೂ ಇರುತ್ತದೆ.

ಹಾಗಾದರೆ ಕಂಪನಿಯ ಪಾಲನ್ನು ಅಳೆಯುವುದು ಹೇಗೆ? 2013ರಲ್ಲಿ ರಿಚರ್ಡ್ ಹೀಡ್ ಎಂಬ ಸಂಶೋಧಕರು ಪ್ರಕಟಿಸಿದ ಲೆಕ್ಕದಂತೆ 1751ರಿಂದ 2010ರವರೆಗಿನ ಕೈಗಾರಿಕಾ ಮೂಲದ ಇಂಗಾಲದ ಡೈ ಆಕ್ಸೈಡ್ ಮತ್ತು ಮೀಥೇನಿನ ಶೇ. 63ರಷ್ಟಕ್ಕೆ ಕೇವಲ 90 ಉತ್ಪಾದಕ ಸಂಸ್ಥೆಗಳೇ ಮೂಲ. ನಮ್ಮ ಕೋಲ್ ಇಂಡಿಯಾ ಕೂಡ ಆ ಪಟ್ಟಿಯಲ್ಲಿದೆ. ದೂರು ಬರೀ ಹೊರದೇಶದವರ ಮೇಲಲ್ಲ.

ಪೆರು ದೇಶದ ರೈತ ಸೌಲ್ ಲುಸಿಯಾನೊ ಲ್ಯುಯಾ 2015ರಲ್ಲಿ ಜರ್ಮನಿಯ ಆರ್‌ಡಬ್ಲ್ಯೂಇ ವಿದ್ಯುತ್ ಕಂಪನಿಯ ಮೇಲೆ ದಾವೆ ಹೂಡಿದರು. ಹಿಮ ಕರಗಿ ಉಬ್ಬಿದ ಕೆರೆಯಿಂದ ತಮ್ಮ ಮನೆಗೆ ಅಪಾಯವಿದೆ, ಜಗತ್ತಿನ ಹೊಗೆಯಲ್ಲಿ ಆ ಕಂಪನಿಯ ಪಾಲು ಶೇ. 0.47, ರಕ್ಷಣಾ ಕಾಮಗಾರಿಯ ವೆಚ್ಚದಲ್ಲೂ ಅಷ್ಟನ್ನೇ, ಸುಮಾರು 17,000 ಯೂರೋ, ಕೊಡಲಿ ಎಂಬುದು ಅವರ ವಾದ. 2025ರ ಮೇ 28ರಂದು ಹಾಮ್ ನಗರದ ಮೇಲ್ಮನವಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಅವರ ಮನೆಗೆ ಇರುವ ಅಪಾಯ ಸಾಕಷ್ಟು ದೊಡ್ಡದಲ್ಲ ಎಂದಿತು. ಆದರೆ ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಡುವವರನ್ನು ತತ್ವಶಃ ಅವರ ಪಾಲಿನಷ್ಟಕ್ಕೆ ಹೊಣೆ ಮಾಡಬಹುದೆಂದೂ ಹೇಳಿತು. ರೈತ ಸೋತರೂ ದಾರಿ ತೆರೆಯಿತು ಎನ್ನಬೇಕು.

ಇದೇ ಅಳತೆಯನ್ನು ನಮ್ಮ ಹೊಲಕ್ಕೆ ಹಚ್ಚಿ ನೋಡೋಣ. ಒಂದು ಲಕ್ಷ ರೂಪಾಯಿ ಹಾನಿಯಾದರೆ, ಅದಷ್ಟೂ ಹವಾಮಾನದಿಂದಲೇ ಆಯಿತೆಂದು ಹಿಡಿದರೂ, ಶೇ. 0.47ರ ಪಾಲು 470 ರೂ. ಮಾತ್ರ. ವಕೀಲರ ಫೀಗೂ ಸಾಲದು! ಆದ್ದರಿಂದ ರೈತರು ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಸರ್ಕಾರವೇ ಕಾನೂನಿನ ಮೂಲಕ ವಸೂಲಿ ಮಾಡುವುದು ಲೇಸೆಂದು ನನ್ನ ಅಭಿಪ್ರಾಯ. ಅಮೆರಿಕದ ವರ್ಮಾಂಟ್ ಮತ್ತು ನ್ಯೂಯಾರ್ಕ್ ರಾಜ್ಯಗಳು 2024ರಲ್ಲಿ ಇಂಥ ಕಾಯ್ದೆ ಮಾಡಿದವು. ಅವುಗಳನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ನಮ್ಮಲ್ಲಿ ಮಾಲಿನ್ಯ ಮಾಡಿದವನೇ ತೆರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1996ರಲ್ಲೇ ಎತ್ತಿಹಿಡಿದಿದೆ. 2024ರ ರಂಜಿತ್‌ಸಿಂಹ ಪ್ರಕರಣದಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನೂ ಮಾನ್ಯ ಮಾಡಿದೆ.

ಯಾವ ದಾರಿ ಹಿಡಿದರೂ ದಾಖಲೆ ಇಲ್ಲದೆ ಲೆಕ್ಕ ನಿಲ್ಲದು. ಬಿತ್ತಿದ ಬೆಳೆ ಪಹಣಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿರಿ. ನೀರು ನಿಂತ ದಿನಾಂಕ, ಎಷ್ಟು ದಿನ ನಿಂತಿತು, ಬೀಜ, ಗೊಬ್ಬರ, ಆಳಿನ ಖರ್ಚು ಇವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ವಿಮೆ ಮಾಡಿಸಿದ್ದರೆ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸತಕ್ಕದ್ದು.